ಸಿಂಹಳಕ್ಕೆ ಹೋಗದ ಗೋದೂಗೆ

ಗೋದೂ, ನಿನ್ನ ಸಿಂಹಳ ಪ್ರವಾಸ ತಪ್ಪಿಸಿದ್ದು ನಿಮ್ಮಪ್ಪನಲ್ಲ. ನಾನು.

ಬರೆದುಬಿಟ್ಟೆ.

ಆ ವರ್ಷ ಪುಣೆಯ ನಮ್ಮ ಹೆಣ್ಣುಮಕ್ಕಳ ಶಾಲೆಯಿಂದ ಮೇಲಿನ ತರಗತಿಯವರನ್ನು ಸಿಂಹಳಕ್ಕೆ ಕರೆದೊಯ್ಯುವುದೆಂದಾಯಿತು. ಅಲ್ಲಿಯ ಗುಡಿ-ವಿಹಾರ, ಅಲ್ಲಿಯವರ ಊಟ-ಉಡುಗೆ ನೋಡಿ ಬರಬೇಕು; ಕ್ಯಾಂಡಿಯ ಒಂದು ಶಾಲೆಯಲ್ಲಿ ನಮ್ಮ ಕಡೆಯ ಹಾಡು ಹಾಡಿ ತೋರಿಸಬೇಕು. ಮುಖ್ಯೋಪಾಧ್ಯಾಯಿನಿ ಆರಿಸಿದ್ದು ನಿನ್ನನ್ನು. ತರಗತಿಯಲ್ಲಿ ಕನ್ನಡದವರು ನಾವಿಬ್ಬರೇ, ಆದರೂ ಮರಾಠಿ ಅಭಂಗವನ್ನು ಎಲ್ಲರಿಗಿಂತ ಚೆನ್ನಾಗಿ ನೀನೇ ಹಾಡುತ್ತಿದ್ದೆ. ನೀನು ಇಲ್ಲದಿದ್ದರೆ ನಾನು — ಹಾಗೆಂದು ಅವರೇ ಹೇಳಿದ್ದರು.

ದಂಡಿನವರ ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಿಮ್ಮಪ್ಪ ಕಳಿಸಲು ಒಪ್ಪಿಯೇ ಇದ್ದರು. ಇದು ನಿನಗೆ ಇವತ್ತಿನವರೆಗೂ ಗೊತ್ತಿಲ್ಲ. ಒಂದು ಸಂಜೆ ಕಚೇರಿಯಿಂದ ಮರಳುವಾಗ ನಮ್ಮ ವಾಡೆಯ ಅಂಗಳಕ್ಕೆ ಬಂದರು. ನಾನು ನಳದ ಕೆಳಗೆ ಕೊಡ ಇಟ್ಟು ನಿಂತಿದ್ದೆ.

“ಗೋದೂಗ ಹೊಸಾ ಟ್ರಂಕ್ ತಂದೇನಿ, ಆಕಿಗಿನ್ನೂ ಹೇಳಿಲ್ಲ,” ಅಂದರು. ಮುಖದಲ್ಲಿ ನಗು. ಆಮೇಲೆ ದನಿ ತಗ್ಗಿಸಿ, “ನೀ ಆಕಿ ಗೆಳತಿ, ಅದಕ ಕೇಳ್ತೀನಿ ತಂಗಿ. ಅಷ್ಟು ದೂರ ಕಳಸ್ಲಿಕ್ಕತ್ತೀನಿ. ನಾ ಚಿಂತಿ ಮಾಡೋಹಂಗ ಏನೂ ಇಲ್ಲಲ್ಲಾ?”

ಇಲ್ರಿ ಕಾಕಾ — ಅಷ್ಟು ಅನ್ನಬೇಕಿತ್ತು. ಏನೂ ಇರಲಿಲ್ಲ, ಗೋದೂ. ನಿನ್ನಲ್ಲಿ ಏನೂ ಇರಲಿಲ್ಲ. ನಾನು ನೆಲ ನೋಡಿದೆ.

“ನನ್ನ ಕೇಳಬ್ಯಾಡ್ರಿ, ಕಾಕಾ.”

ಅವರು ಎರಡನೆಯ ಸಲ ಕೇಳಲಿಲ್ಲ. ಮಗಳ ಹೆಸರು ಇನ್ನೊಬ್ಬರ ಬಾಯಿಗೆ ಬೀಳಬಾರದೆಂದಿರಬೇಕು. ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. “ನಳ ಬಂದ್ ಮಾಡು, ತಂಗಿ,” ಎಂದು ಹೊರಟುಹೋದರು.

ಮರುದಿನ ನೀನು ಅಳುತ್ತ ಬಂದೆ. “ಸಮುದ್ರ ದಾಟಬಾರದಂತ. ಅಪ್ಪ ಇಷ್ಟು ಹಳೇ ಕಾಲದಾಂವ ಅಂತ ನನಗ ಗೊತ್ತ ಇರಲಿಲ್ಲ.” ನಿನ್ನ ನಡತೆಯ ಮೇಲೆ ನಾನು ಹುಟ್ಟಿಸಿದ ಸಂಶಯವನ್ನು ಬಾಯಿಬಿಟ್ಟು ಹೇಳಲಾರದೆ ಅವರು ಸಮುದ್ರದ ನೆಪ ಹೇಳಿದ್ದರು. ನಾನು ನಿನ್ನ ಬೆನ್ನು ಸವರಿದೆ. ಹೌದು, ಅದನ್ನೂ ಮಾಡಿದೆ.

ಧನುಷ್ಕೋಡಿಯಲ್ಲಿ ಹಡಗು ಹತ್ತಿದೆವು. ಬುದ್ಧನ ಹಲ್ಲನ್ನಿಟ್ಟು ಪೂಜಿಸುವ ಕ್ಯಾಂಡಿಯ ದಂತಮಂದಿರದಲ್ಲಿ ಬಿಳಿ ಉಡುಗೆಯ ಹೆಂಗಸರು ತಟ್ಟೆ ತುಂಬ ಹೂ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬ ಮುದುಕಿ, ಗುರುತಿಲ್ಲ ಪರಿಚಯವಿಲ್ಲ, ನನ್ನ ಬರಿಗೈ ನೋಡಿ ತನ್ನ ಹೂಗಳಲ್ಲಿ ಅರ್ಧ ಕೊಟ್ಟಳು. ಡೋಲಿನ ಸದ್ದು ಎದೆಗೆ ಬಡಿಯುವಷ್ಟು ಹತ್ತಿರವಿತ್ತು. ಎಲ್ಲವನ್ನೂ ಕಂಡೆ, ಒಳಗೆ ಏನೂ ಇಳಿಯಲಿಲ್ಲ. ಆ ಶಾಲೆಯಲ್ಲಿ ನಿನ್ನ ಹಾಡು ಹಾಡಿದೆ. ಚಪ್ಪಾಳೆ ತಟ್ಟಿದರು. ಕೂತುಕೊಂಡೆ.

ಮರಳಿ ಬರುವಷ್ಟರಲ್ಲಿ ನಿನ್ನನ್ನು ಶಾಲೆ ಬಿಡಿಸಿದ್ದರು. ನಿನ್ನನ್ನಷ್ಟೇ ಅಲ್ಲ — ಆಗಷ್ಟೇ ಅಕ್ಷರ ತಿದ್ದುತ್ತಿದ್ದ ನಿನ್ನ ತಂಗಿ ತುಂಗಾಳನ್ನೂ. ನಿನಗೆ ಮಿರಜದ ಸಂಬಂಧ ನಿಶ್ಚಯವಾಗಿತ್ತು. ಕೈಗೆ ಅರಿಶಿನ ಹಚ್ಚಿಸಿಕೊಳ್ಳುತ್ತಲೇ ನೀನು ಕೇಳಿದೆ, “ಸಮುದ್ರ ಹ್ಯಾಂಗಿತ್ತ, ಹೇಳ.”

“ನೀರಿತ್ತು,” ಅಂದೆ.

ನೀನು ನಕ್ಕುಬಿಟ್ಟೆ.

ಹೋದ ತಿಂಗಳು ನಿಮ್ಮಪ್ಪನ ವೈಕುಂಠ ಸಮಾರಾಧನೆಗೆ ಬಂದಾಗ ನೀನು ಪಕ್ಕದವರಿಗೆ ಹೇಳುತ್ತಿದ್ದೆ: “ಆಮ್ಯಾಲೆ ಅಪ್ಪನ ಕೂಡ ಒಂದಿನಾನೂ ನಾ ಬಿಚ್ಚಿ ಮಾತಾಡಲಿಲ್ರಿ. ಸಮುದ್ರಕ್ಕ ಹೆದರಿದ ಮನಷ್ಯಾ.” ನಾನು ಪಾಯಸ ಬಡಿಸುತ್ತಿದ್ದೆ. ಕೇಳಿಸಿತು. ನಿನ್ನ ಎಲೆಗೆ ಬಡಿಸಿ ಮುಂದಕ್ಕೆ ಹೋದೆ.

ಅವರು ಹೆದರಿದವರಲ್ಲ, ಗೋದೂ. ನನ್ನನ್ನು ನಂಬಿದವರು. ಯಾಕೆ ಹಾಗೆ ಅಂದೆ ಎಂದರೆ — ಹಾಡಿನ ಆಸೆ, ಇನ್ನೇನು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ. ನಿಮ್ಮಪ್ಪನ ಮೇಲಿನ ಸಿಟ್ಟನ್ನು ನನ್ನ ಮೇಲಿಡು, ಅಷ್ಟು ಸಾಕು.

ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ. ಅದಕ್ಕೂ ಮೊದಲು ತುಂಗಾಳ ಮನೆಗೆ ಹೋಗಬೇಕು. ಆಗ ಶಾಲೆ ಬಿಟ್ಟ ಅವಳಿಗೆ ಇವತ್ತಿಗೂ ಓದು ಬರುವುದಿಲ್ಲ. ಯಾರ ಪತ್ರ ಬಂದರೂ ನನ್ನ ಹತ್ತಿರವೇ ತಂದು ಓದಿಸಿಕೊಳ್ಳುತ್ತಾಳೆ. ಇದನ್ನೂ ನಾನೇ ಅವಳಿಗೆ ಓದಿ ಹೇಳಬೇಕು.