ಗ್ರೀಕ್ ವೈನಿಗೆ ಅತ್ತೆಯ ತೊವ್ವೆ

ವೈನಿಗೂ ತೊವ್ವೆಗೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ಕಳೆದ ಭಾನುವಾರ ಜಪಾನಿನ ನಿಶಿ ಕಸಾಯಿಯ ನಮ್ಮ ಮನೆಯಲ್ಲಿ ಅವೆರಡೂ ಒಂದೇ ಟೇಬಲ್ ಮೇಲಿದ್ದವು.

ಇದಕ್ಕೆಲ್ಲ ಕಾರಣ ಮಿನಾಟೋದ ನಮ್ಮ ಆಫೀಸಿನ ಮೋರಿ ಸಾನ್. (ನಗಬೇಡಿ, ಜಪಾನೀಸ್‌ನಲ್ಲಿ ಮೋರಿ ಎಂದರೆ ಕಾಡು, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ.) ಆಕೆಗೆ ವೈನ್ ಹುಚ್ಚು. ಲಂಚ್ ಬ್ರೇಕಿನಲ್ಲಿ ಅಸಿರ್ಟಿಕೊ ಎಂಬ ವೈಟ್ ವೈನ್ ಬಗ್ಗೆ ಪಾಠ ಮಾಡುತ್ತಿದ್ದರು. ಗ್ರೀಸಿನ ಸ್ಯಾಂಟೊರಿನಿ ದ್ವೀಪದ್ದಂತೆ. ಜ್ವಾಲಾಮುಖಿಯ ಬೂದಿ ಮಣ್ಣು, ಮಳೆ ಕಡಿಮೆ, ಗಾಳಿಯಂತೂ ವಿಪರೀತ. ಹಾಗಾಗಿ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೇ ಬುಟ್ಟಿಯಂತೆ ಸುತ್ತುತ್ತಾರಂತೆ. ಮೀನಿನ ಜೊತೆ ಬಹಳ ಸೊಗಸು. ಅಲ್ಲಿಯವರು ಹಳದಿ ಬೇಳೆ ಬೇಯಿಸಿ, ಮಸೆದು, ನಿಂಬೆಹಣ್ಣು ಹಿಂಡಿ ಅದರ ಜೊತೆಗೂ ಕುಡಿಯುತ್ತಾರೆ ಎಂದರು.

"ಅಯ್ಯೋ, ಅದು ನಮ್ಮ ತೊವ್ವೆ!" ಎಂದುಬಿಟ್ಟೆ. ನನ್ನ ಬಾಯಿ ಸುಮ್ಮನಿರಬೇಕಲ್ಲ? ಭಾನುವಾರ ಮಧ್ಯಾಹ್ನ ಮೋರಿ ಸಾನ್ ಬಾಟಲಿ ಸಮೇತ ಹಾಜರ್.

ಮನೆಯಲ್ಲಿ ನಮ್ಮತ್ತೆ ಇದ್ದರು. ಮೈಸೂರಿನಿಂದ ಬಂದು ಎರಡು ತಿಂಗಳು. ಅವರಿಗೆ ಬರುವ ಜಪಾನೀಸ್ ಎರಡೇ ಪದ, ಥ್ಯಾಂಕ್ಸ್‌ಗೆ ಅರಿಗಾತೋ ಮತ್ತು ಸಾರಿಗೆ ಸುಮಿಮಾಸೆನ್. ಉಳಿದದ್ದಕ್ಕೆಲ್ಲ ನಾನೇ ಬಾಯಿ. ಡಾಕ್ಟರು "ಎಲ್ಲಿ ನೋವು?" ಎಂದು ನನ್ನನ್ನು ಕೇಳುತ್ತಾರೆ, ಅತ್ತೆಯ ಕಡೆ ತಿರುಗಿಯೂ ನೋಡದೆ ನಾನು "ಮಂಡಿ" ಎನ್ನುತ್ತೇನೆ. (ಟೈಮ್ ಉಳಿಯುತ್ತದೆ ನೋಡಿ.)

ವೈನ್ ವಿಷಯ ಅತ್ತೆಗೆ ಹಿಂದಿನ ದಿನವೇ ಹೇಳಿದ್ದೆ, ಅಳುಕಿನಿಂದಲೇ. "ಬರ್ಲಿ ಬಿಡು, ಅವರ ಪದ್ಧತಿ ಅವರದು" ಎಂದು ಅವರು ಬೇಳೆ ಡಬ್ಬಿ ಹುಡುಕತೊಡಗಿದ್ದರು.

ಮೋರಿ ಸಾನ್ ಒಂದು ಚಮಚ ತೊವ್ವೆ ತಿಂದು, ಒಂದು ಗುಟುಕು ವೈನ್ ಕುಡಿದು, ಕಣ್ಣು ಮುಚ್ಚಿದರು. ಆಮೇಲೆ ಅತ್ತೆಯ ಕಡೆ ತಿರುಗಿ ಐದು ನಿಮಿಷ ಮಾತಾಡಿದರು. ವೈನಿನ ಚುರುಕು ಹುಳಿ, ಅದರೊಳಗಿನ ತುಸು ಉಪ್ಪು, ಅದನ್ನು ತಣಿಸುವ ಬೇಳೆ, ಕೊನೆಯಲ್ಲಿ ಇಂಗು.

"ಏನಂತೆ ಕಣಮ್ಮ?" ಎಂದರು ಅತ್ತೆ.

"ಚೆನ್ನಾಗಿದೆಯಂತೆ" ಎಂದೆ. ಐದು ನಿಮಿಷಕ್ಕೆ ಒಂದು ಪದ!

ಆಗ ಮೋರಿ ಸಾನ್ ಇನ್ನೊಂದು ಗ್ಲಾಸಿನ ತಳಕ್ಕೆ ಸ್ವಲ್ಪವೇ ವೈನ್ ಸುರಿದು, ಎರಡೂ ಕೈಯಲ್ಲಿ ಹಿಡಿದು, ಅತ್ತೆಯನ್ನೇ ನೋಡುತ್ತಾ ರುಚಿ ನೋಡುತ್ತೀರಾ ಎಂದು ಕೇಳಿದರು. ನಾನು ಗಾಬರಿಬಿದ್ದು, ಅವರು ಕುಡಿಯುವುದಿಲ್ಲ ಎಂದು ಜಪಾನೀಸ್‌ನಲ್ಲೇ ಹೇಳಿ ಗ್ಲಾಸನ್ನು ಈಚೆಗೆ ಸರಿಸಿದೆ. ಮೋರಿ ಸಾನ್ "ಸುಮಿಮಾಸೆನ್" ಎಂದು ಅತ್ತೆಗೆ ತಲೆಬಾಗಿದರು. ಅತ್ತೆಗೆ ಅರ್ಥವಾದದ್ದು ಆ ಪದ ಮಾತ್ರ.

ಅತಿಥಿ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆವು. "ಆ ಹುಡುಗಿ ನನ್ನ ಹತ್ರ ಯಾಕೆ ಸಾರಿ ಕೇಳಿದ್ಲು?" ಎಂದರು ಅತ್ತೆ.

"ನಿಮಗೂ ಸ್ವಲ್ಪ ವೈನ್ ಕೊಡ್ಲಾ ಅಂತ ಕೇಳಿದ್ರು. ನಾನು ಬೇಡ ಅಂದೆ. ನೀವು ಹೇಗಿದ್ರೂ ಬೇಡ ಅಂತಿದ್ರಿ ಅಲ್ವಾ ಅತ್ತೆ?"

ಅತ್ತೆ ಇನ್ನೊಂದು ತಟ್ಟೆ ಕೈಗೆತ್ತಿಕೊಂಡರು. ಆಗ ನನಗೆ ಹೊಳೆಯಿತು. ಎರಡು ತಿಂಗಳಲ್ಲಿ ಈ ದೇಶದಲ್ಲಿ ಒಬ್ಬರು ಅತ್ತೆಯ ಮುಖ ನೋಡಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಉತ್ತರ ನಾನು ಕಸಿದುಕೊಂಡಿದ್ದೆ. ಮನೆಯ ಹಿರಿಯರ ಬಗ್ಗೆ ನಮ್ಮ ಕಾಳಜಿ ಎಲ್ಲ ಇಷ್ಟೇ ಅಲ್ಲವೇ? ಅವರಿಗೆ ಖಾರ ಆಗೋಲ್ಲ, ಅವರು ಅಷ್ಟು ದೂರ ನಡೆಯೋಲ್ಲ, ಅವರಿಗೆ ಇದೆಲ್ಲ ಇಷ್ಟ ಆಗೋಲ್ಲ. ಅವರನ್ನು ಕೇಳಿದವರು ಯಾರು? ನಿಜವಾಗಿ ನಾಚಿಕೆಯಾಯಿತು.

ಅತ್ತೆ ಕೊನೆಯ ತಟ್ಟೆ ಒರೆಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಬೇಡ ಅನ್ನೋಕೆ ನನಗೂ ಬರುತ್ತಮ್ಮ."