ಅಟ್ರಾಕ್ಟಾಳ ತಣ್ಣನೆಯ ಕೋಣೆ

ನಮ್ಮ ಪಕ್ಕದ ಮನೆಯ ಅಟ್ರಾಕ್ಟಾಗೆ ಅವಳ ಅಪ್ಪ ಬಿಟ್ಟುಹೋದದ್ದು ಒಂದೇ ಒಂದು ಕೋಣೆ. ಹೊಲ, ಹಸು, ಮನೆ ಎಲ್ಲ ತಮ್ಮ ಫಿಂಟನ್‌ಗೆ. ಮದುವೆಯಾಗದ ಮಗಳು ಬದುಕಿರುವವರೆಗೆ ಮಹಡಿಯ ಮೂಲೆಕೋಣೆಯಲ್ಲಿರಬಹುದು, ಯಾರೂ ಎಬ್ಬಿಸುವಂತಿಲ್ಲ. ಐರ್ಲೆಂಡಿನ ಈ ಸ್ಲೈಗೊ ಕಡೆ ಅಪ್ಪಂದಿರು ಹೀಗೇ ಉಯಿಲು ಬರೆದು ಧರ್ಮಾತ್ಮರೆನಿಸಿಕೊಂಡು ಸಾಯುತ್ತಾರೆ.

ಆ ಕೋಣೆಗಾಗಿ ಅವಳು ಜೀವಮಾನವೆಲ್ಲ ದುಡಿದಳು. ಹಾಲು ಕರೆದಳು, ತಮ್ಮನ ಮಕ್ಕಳನ್ನು ಎತ್ತಿ ಆಡಿಸಿದಳು. ಜೌಗುನೆಲದಿಂದ ಕಡಿದು ಒಣಗಿಸಿದ ಟರ್ಫ್ ಹೆಂಟೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಸಂಜೆ ಕೆಳಗಿನ ಕೋಣೆಯ ಅಗ್ಗಿಷ್ಟಿಕೆ ಹೊತ್ತಿಸುವುದು ಅವಳದೇ ಕೆಲಸ. ಅದರ ಮುಂದಿನ ಎರಡು ಕುರ್ಚಿ ಮಾತ್ರ ಫಿಂಟನ್‌ಗೂ ಅವನ ಹೆಂಡತಿ ಡಿಂಪ್ನಾಗೂ. ಮೂರನೆಯದಕ್ಕೆ ಜಾಗವಿರಲಿಲ್ಲವೆಂದಲ್ಲ, ಯಾರೂ ಹಾಕಲಿಲ್ಲ.

ಮನೆಗೆ ಬಾಯ್ಲರ್ ಕೂರಿಸಿ ಕೋಣೆಕೋಣೆಗೂ ಬಿಸಿನೀರು ಹರಿದು ಬೆಚ್ಚಗಿಡುವ ರೇಡಿಯೇಟರ್ ಹಾಕಿಸಿದಾಗ ಅವಳಷ್ಟು ಹಿಗ್ಗಿದವರಿಲ್ಲ. ಆದರೆ ಸಂಜೆಯಾಗುತ್ತಲೇ ಅವಳ ರೇಡಿಯೇಟರ್ ತಣ್ಣಗಾಗುತ್ತಿತ್ತು.

"ವಯಸ್ಸಾಯ್ತಲ್ಲ ಅತ್ತಿಗೆ, ಚಳಿ ಜಾಸ್ತಿ ಅನ್ಸತ್ತೆ ಅಷ್ಟೇ," ಎನ್ನುತ್ತಿದ್ದಳು ಡಿಂಪ್ನಾ.

ಒಮ್ಮೆ ಗಂಡ ಹೆಂಡತಿ ಮಗಳ ಮನೆಗೆ ಹೋದರು. ತನ್ನೊಬ್ಬಳಿಗೇನು ಬೆಂಕಿ ಎಂದು ಅಟ್ರಾಕ್ಟಾ ಅಗ್ಗಿಷ್ಟಿಕೆ ಹೊತ್ತಿಸಲಿಲ್ಲ. ಅಷ್ಟೂ ದಿನ ಅವಳ ಕೋಣೆ ಬೆಚ್ಚಗಿತ್ತು. ಆಗ ತಿಳಿಯಿತು: ಬಾಯ್ಲರ್ ನಡೆಸುವ ಥರ್ಮೋಸ್ಟಾಟ್ ಇರುವುದು ಅಗ್ಗಿಷ್ಟಿಕೆಯ ಎದುರು ಗೋಡೆಯಲ್ಲಿ. ಅಲ್ಲಿ ಬೆಂಕಿ ಉರಿದರೆ ಮನೆಯೆಲ್ಲ ಬೆಚ್ಚಗಿದೆಯೆಂದುಕೊಂಡು ಅದು ಬಾಯ್ಲರನ್ನು ನಿಲ್ಲಿಸುತ್ತದೆ. ತನ್ನ ಕೋಣೆಯ ಶಾಖವನ್ನು ಅವಳು ದಿನಾ ತಾನೇ ಕೈಯಾರೆ ಆರಿಸುತ್ತಿದ್ದಳು.

"ಅದನ್ನ ಮೆಟ್ಟಿಲ ಹತ್ರ ಹಾಕ್ಸೋ ಫಿಂಟನ್."

"ಗೋಡೆ ಒಡೀಬೇಕಾಗತ್ತಕ್ಕಾ. ಸುಮ್ನೆ ರಾದ್ಧಾಂತ."

"ಹಾಗಾದ್ರೆ ಬೆಂಕಿ ಹಾಕೋದನ್ನಾದ್ರೂ ಬಿಡಿ."

ಡಿಂಪ್ನಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಬೆಂಕಿ ಇಲ್ದಿದ್ರೆ ಅದೊಂದು ಮನೇನಾ? ಮಾವ ನಿಮಗೆ ಕೋಣೆ ಕೊಟ್ರು ಅತ್ತಿಗೆ, ಶಾಖ ಕೊಡ್ಲಿಲ್ವಲ್ಲ."

ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಮರುದಿನವೂ ಅವಳೇ ಬುಟ್ಟಿ ಹೊತ್ತು ತಂದಳು.

"ಥೂ, ನೀನ್ಯಾಕೇ ಹಚ್ತೀಯಾ?" ಎಂದು ಬೈದೆ.

"ಹಚ್ಚದಿದ್ರೆ ಆ ಮನೇಲಿ ನಾನು ಯಾರು?" ಎಂದಳು.

ಇನ್ನೆರಡು ಚಳಿಗಾಲ ಹಾಗೇ ಕಳೆದವು. ಕೊನೆಗೆ ನ್ಯುಮೋನಿಯಾ ಹಿಡಿಯಿತು. ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಆಸ್ಪತ್ರೆಯಿಂದ ನೇರ ವೃದ್ಧಾಶ್ರಮಕ್ಕೆ ಸೇರಿಸಿದರು. ಈಸ್ಟರ್‌ಗೆ ಮುಂಚೆ ಫಿಂಟನ್ ಒಂದು ಕಾಗದ ಹಿಡಿದು ಬಂದ. ಕೋಣೆಯ ಹಕ್ಕು ಬಿಟ್ಟುಕೊಟ್ಟಿದ್ದೇನೆಂದು ಅವಳು ಸಹಿ ಹಾಕಬೇಕಿತ್ತು. ಅವಳನ್ನು ನೋಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಪ್ರವಾಸಿಗಳಿಗೆ ಬಾಡಿಗೆಗೆ ಕೊಡೋಣ ಅಂತ," ಎಂದ.

ಅಟ್ರಾಕ್ಟಾ ಪೆನ್ನು ಕೈಗೆತ್ತಿಕೊಂಡಳು. "ಆ ಚಳೀಲಿ ಯಾರಪ್ಪ ಮಲಗ್ತಾರೆ?"

"ಇಲ್ಲಕ್ಕಾ, ಈಗ ಬೆಚ್ಚಗಿದೆ! ಆ ಥರ್ಮೋಸ್ಟಾಟ್ ಮೆಟ್ಟಿಲ ಹತ್ರ ಹಾಕ್ಸಿದೆ. ಗೋಡೆ ಗೀಡೆ ಏನೂ ಒಡೀಲಿಲ್ಲ. ಬೆಳಿಗ್ಗೆ ಬಂದೋನು ಟೀ ಹೊತ್ತಿಗೆ ಮುಗಿಸ್ಬಿಟ್ಟ."

ಹೆಮ್ಮೆಯಿಂದ ಹೇಳಿದ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದಿರಬೇಕು, ಮುಖ ಕೆಂಪಾಯಿತು. ಅಟ್ರಾಕ್ಟಾ ಸಹಿ ಹಾಕದೆ ಪೆನ್ನನ್ನು ಕಾಗದದ ಮೇಲಿಟ್ಟು ಅವನ ಕಡೆ ತಳ್ಳಿದಳು.

"ಹಾಗಿದ್ರೆ ನನ್ನ ಕೋಟು ತಾ. ಮನೆಗೆ ಹೋಗೋಣ."

ಫಿಂಟನ್ ನೆಲ ನೋಡಿದ.

"ಶುಕ್ರವಾರ ಆ ಕೋಣೆಗೆ ಜನ ಬರ್ತಿದಾರಕ್ಕಾ," ಎಂದ.