ಆಟದ ನಕಾಶೆಯಲ್ಲಿ ಹಿಂದಿನ ಮನೆಯ ದಾರಿ

ನನಗೆ ಓದು ಅಷ್ಟಕ್ಕಷ್ಟೇ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ನಕಾಶೆ ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ಸರ್ವೆಯವನು ಬದುವಿನ ಮೇಲೆ ಹರಡಿಕೊಂಡು ನೋಡುವ ಕಾಗದ. ಅದರಲ್ಲಿ ಗೆರೆ ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆ ಆ ಗೆರೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಹಾಗಾಗಿ ಮಗಳ ಮಗಳು ಬಿಡದಿಯಿಂದ ರಜಕ್ಕೆ ಬಂದು, ಲ್ಯಾಪ್‌ಟಾಪಿನಲ್ಲಿ ನಮ್ಮೂರ ನಕಾಶೆ ಮಾಡುತ್ತೇನೆ ಅಂದಾಗ ನನಗೆ ಒಳಗೊಳಗೇ ಅಳುಕಿತು. ಬಸ್ಸು ಓಡಿಸುವ ಆಟವಂತೆ. ಆಟದ ಜೊತೆ ಬರುವುದೆಲ್ಲ ಯಾವುದೋ ದೇಶದ ರಸ್ತೆ. ಇವಳಂಥವರು ತಮ್ಮ ತಮ್ಮ ಊರು ಕಟ್ಟಿ ಅದರೊಳಗೆ ಸೇರಿಸುತ್ತಾರೆ. ಇವಳದ್ದು ಕಬ್ಬಾಳಿನಿಂದ ನಮ್ಮೂರಿನವರೆಗಿನ ಬಸ್ಸಿನ ದಾರಿ. ಮಾಗಡಿ, ಚನ್ನಪಟ್ಟಣದ ಕಡೆಯ ಸ್ನೇಹಿತರು ಕಾಯುತ್ತಿದ್ದರು. ಫೋನು ಬಡಿದುಕೊಳ್ಳುತ್ತಲೇ ಇತ್ತು.

ಅವಳು ಬರೆಯುವುದು ಪ್ರಾಜೆಕ್ಟ್. ಅದರಲ್ಲಿ ಮರ, ಮನೆ, ರಸ್ತೆ ಎಲ್ಲ ಬಿಡಿಬಿಡಿಯಾಗಿ ಬಿದ್ದಿರುತ್ತವೆ, ಆಟಕ್ಕೆ ಅದು ಹಿಡಿಸುವುದಿಲ್ಲ. ಎಲ್ಲ ಸೇರಿ ಒಂದು ಫೈಲ್ ಆಗಬೇಕು. ಅದಕ್ಕೆ ಎಕ್ಸ್‌ಪೋರ್ಟ್ ಅನ್ನುತ್ತಾರೆ. ನಾನು ರೇಷ್ಮೆ ಸಾಕಿದವಳು, ನನಗೆ ಬೇಗ ಅರ್ಥವಾಯಿತು. ಹುಳುವನ್ನು ಮಾರುಕಟ್ಟೆಗೆ ಒಯ್ಯುತ್ತಾರೆಯೇ? ಗೂಡಾಗಬೇಕು.

ಯಾವುದು ಎಲ್ಲಿದೆ ಎಂದು ಅವಳು ಕೇಳುತ್ತಿದ್ದಳು, ನಾನು ಜಗಲಿಯಲ್ಲಿ ರಾಗಿ ಕೇರುತ್ತ ಹೇಳುತ್ತಿದ್ದೆ. ಒಂದನ್ನು ಬಿಟ್ಟು ಎಲ್ಲ ಹೇಳಿದೆ.

ನಮ್ಮ ಮನೆಯ ಹಿಂದೆ ಹಿಪ್ಪುನೇರಳೆ ತೋಟ. ಅದರ ಹಿಂದೆ ಕುರಿ ಸಾಕುವವರ ಮನೆ. ಆ ಮನೆಯವಳು ನನ್ನ ವಾರಿಗೆಯವಳು. ಅವರು ಓಡಾಡುವ ಕಾಲುದಾರಿ ನಮ್ಮ ತೋಟದ ನಡುವೆ ಇತ್ತು. ನಾನು ಮದುವೆಯಾಗಿ ಬಂದಾಗಲೂ ಇತ್ತು. ಹೋದ ಬೇಸಿಗೆಯಲ್ಲಿ, ನಮ್ಮ ಹುಳು ಬಿಡುವಿಲ್ಲದೆ ತಿನ್ನುವ ಹೊತ್ತಿನಲ್ಲಿ, ಅವರ ಕುರಿ ನುಗ್ಗಿ ಎಳೆಸೊಪ್ಪು ಮೇದುಬಿಟ್ಟವು. ಮಗ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದ. ಅವರು ಕೇಳಲು ಬಂದಾಗ, "ನಕಾಸೇಲಿ ದಾರಿ ಐತಾ? ತೋರ್ಸಿ, ಈಗ್ಲೇ ಬುಡ್ತೀನಿ" ಅಂದ. ನಕಾಶೆಯಲ್ಲಿ ಇರಲಿಲ್ಲ. ಅಂದಿನಿಂದ ಅವಳು ಮಂಡಿನೋವು ಇಟ್ಟುಕೊಂಡು, ಹಾಲಿನ ಕ್ಯಾನು ಹಿಡಿದು, ಕೆರೆ ಏರಿ ಸುತ್ತಿಕೊಂಡು ಡೈರಿಗೆ ಬರುತ್ತಾಳೆ. ಕಂಬ ನೆಡುವವರಿಗೆ ಮಜ್ಜಿಗೆ ಕೊಟ್ಟವಳು ನಾನೇ.

ಇನ್ನು ಇವಳ ನಕಾಶೆಗೆ ಆ ದಾರಿ ಹತ್ತಿದರೆ? ಅವರು ಅದನ್ನೇ ಹಿಡಿದುಕೊಂಡು ತಾಲ್ಲೂಕು ಆಫೀಸಿಗೆ ಹೋದರೆ? ಆ ಭಯಕ್ಕೆ, "ಅಲ್ಲಿ ಬರೀ ಸೊಪ್ಪು" ಅಂದುಬಿಟ್ಟೆ. ಹುಡುಗಿ ಬರೀ ಸೊಪ್ಪನ್ನೇ ಹಾಕಿದಳು.

ಸಂಜೆ ಎಕ್ಸ್‌ಪೋರ್ಟ್ ಒತ್ತಿದಳು. ಅರ್ಧ ಹೋಗಿ ಕೆಂಪು ಅಕ್ಷರ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು. ಪ್ಯಾಸೆಂಜರ್ ಹೊರಡುವ ಮನೆಗಳಿಗೆಲ್ಲ ರಸ್ತೆ ಮುಟ್ಟುವ ದಾರಿ ಇರಬೇಕಂತೆ. ಒಂದು ಮನೆಗೆ ಇಲ್ಲ, ಅದಕ್ಕೇ ಫೈಲ್ ಕಟ್ಟುವುದಿಲ್ಲವಂತೆ.

"ಅಜ್ಜಿ, ಹಿಂದ್ಲ ಮನೆಯೋರು ಹೆಂಗೆ ಆಚ್ಗೆ ಬತ್ತಾರೆ?"

"ಆ ಮನೇನೇ ಕಿತ್ತಾಕು."

ಅವಳು ನಕ್ಕಳು. "ಜನ ಇರೋ ಮನೆ ಕಣಜ್ಜಿ!"

ಅದೇ ಹೊತ್ತಿಗೆ ಹಿಂದಿನ ಮನೆಯವಳು ಕೆರೆ ಏರಿ ಇಳಿದು ಬರುತ್ತಿದ್ದಳು. ಜಗಳದ ವಿಷಯ ಗೊತ್ತಿಲ್ಲದ ಈ ಹುಡುಗಿ ಕೂಗಿಯೇಬಿಟ್ಟಳು: "ಅಜ್ಜೀ, ಒಸಿ ಬನ್ನಿ ಇಲ್ಲಿ. ನಿಮ್ಮನೆಗೆ ದಾರಿ ಎಲ್ಲೈತೆ?"

ಅವಳು ಕ್ಯಾನು ಇಳಿಸಿ ನನ್ನ ಮುಖ ನೋಡಿದಳು. "ನನ್ನೇನ್ ಕೇಳೀಯೆ ಮಗಾ, ನಮ್ ಕುರಿಗಳ್ನ ಕೇಳು. ಅವ್ಕೇ ಚೆಂದಾಗಿ ಗೊತ್ತು."

ಹುಡುಗಿಗೆ ಅದು ತಮಾಷೆ. ಕೈ ಹಿಡಿದು ಜಗಲಿಗೆ ಹತ್ತಿಸಿಕೊಂಡಳು. ತಂತಿ ಬಿಗಿದ ಮೇಲೆ ಅವಳು ನಮ್ಮ ಜಗಲಿ ತುಳಿದದ್ದು ಅವತ್ತೇ. ಲ್ಯಾಪ್‌ಟಾಪಿನೊಳಗೆ ಬಗ್ಗಿ ನೋಡಿದಳು.

"ಅಯ್, ನಮ್ಮನೆ ಕಣೇ ಇದು! ಬಾಗ್ಲಿಗೆ ನೀಲಿ ಬಣ್ಣಾನೂ ಬಳ್ದಿದ್ದೀಯಲ್ಲ! ಕುರಿ ರೊಪ್ಪಾನೂ ಐತೆ!"

"ಊರೆಲ್ಲ ಹಾಕಿ ನಿಮ್ಮನೆ ಬುಡೋಕಾಯ್ತದಾ? ಕಿತ್ತಾಕು ಅಂತು ಅಜ್ಜಿ. ನಾನೇ ಕಿತ್ತಾಕ್ಲಿಲ್ಲ."

ಹುಡುಗಿ ಹೊಗಳಿಸಿಕೊಳ್ಳಲು ಹೇಳಿದ್ದು, ಬೇರೇನೂ ಇಲ್ಲ. ಹಿಂದಿನ ಮನೆಯವಳ ನಗು ಅಲ್ಲೇ ನಿಂತಿತು.

"ಹೂಂ. ಇದ್ರಾಗಾದ್ರೆ ಕೀಳೋದು ಸಲೀಸು" ಅಂದಳು. ಸೆರಗು ಸರಿಮಾಡಿಕೊಂಡು, ಕ್ಯಾನು ಎತ್ತಿಕೊಂಡು ಡೈರಿಗೆ ಹೋದಳು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೊರದ ರಾಗಿಯಲ್ಲಿ ಕಲ್ಲು ಹುಡುಕಿದೆ. ಕಲ್ಲಿರಲಿಲ್ಲ. ಆಮೇಲೆ ಮೊರ ಪಕ್ಕಕ್ಕಿಟ್ಟು, "ದಾರಿ ಎಳಿ, ನಾ ಹೇಳ್ತೀನಿ" ಅಂದೆ ಹುಡುಗಿಗೆ. ಬೇವಿನ ಮರದಿಂದ ಎಡಕ್ಕೆ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೇ ಕಪಿಲೆ ಬಾವಿ ಬಳಸಿಕೊಂಡು. ಅಲ್ಲಿ ಒಂದು ಚೂರು ತಗ್ಗು. ನೆಲ ಉತ್ತು ಸೊಪ್ಪು ನೆಟ್ಟಿದ್ದರೂ ನನಗೆ ಒಂದು ತಿರುವೂ ಮರೆತಿರಲಿಲ್ಲ. ಅದೇ ಇನ್ನೂ ನಾಚಿಕೆಯಾಯಿತು.

ಈ ಸಲ ಕೆಂಪು ಬರಲಿಲ್ಲ. ಹಸಿರು ಪಟ್ಟಿ ತುಂಬಿಕೊಂಡು ಕೊನೆ ಮುಟ್ಟಿತು. ಹುಡುಗಿ ಚಪ್ಪಾಳೆ ತಟ್ಟಿ, ಫೈಲನ್ನು ಎಲ್ಲರಿಗೂ ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಮಗ ತೋಟದಿಂದ ಬಂದ. ಲ್ಯಾಪ್‌ಟಾಪಿನಲ್ಲಿ ಬಸ್ಸು ಓಡುವುದನ್ನು ನೋಡುತ್ತ ನಿಂತವನು, ತೋಟದ ನಡುವೆ ದಾರಿ ಕಂಡು ಹುಬ್ಬು ಗಂಟಿಕ್ಕಿದ.

"ಯಾರ್ ಹೇಳಿದ್ ನಿಂಗೆ ಅಲ್ಲಿ ದಾರಿ ಐತೆ ಅಂತ?"

"ಅಜ್ಜಿ."

"ಏನವ್ವಾ, ಬುದ್ಧಿ ಐತಾ ನಿಂಗೆ? ನಾಳೆ ಇದ್ನೇ ಹಿಡ್ಕೊಂಡು ತಾಲ್ಲೂಕಾಫೀಸ್ಗೆ ಹೋಯ್ತಾರೆ."

"ಮಾವ, ಇದು ಆಟ ಕಣ್ ಮಾವ!"

"ಆಟಾನೋ ಗೀಟಾನೋ. ಅಳ್ಸು."

"ಪ್ರಾಜೆಕ್ಟ್‌ನಾಗೆ ಅಳಿಸ್ಬೋದು. ಫೈಲ್ ಹೋಗ್ಬುಟ್ಟೈತೆ."

ನನ್ನ ತಲೆಯಲ್ಲಿದ್ದ ಮಾತೇ ಅವನ ಬಾಯಿಂದ ಬಂದಾಗ, ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಗೊತ್ತಾಯಿತು.

"ದಾರಿ ಇತ್ತು ಕಣ್ಲಾ. ನಾಳೆ ತಂತಿ ಬಿಚ್ಚು" ಅಂದೆ.

"ಕುರಿ?"

"ಕುರಿ ಬರ್ದಂಗೆ, ಜನ ಬರೋ ಹಂಗೆ ಬಿಚ್ಚು."

ಅವನು ಗೊಣಗಿಕೊಂಡೇ ಊಟ ಮಾಡಿದ. ಆದರೆ ಬೆಳಿಗ್ಗೆ ಎರಡು ಕಂಬದ ನಡುವೆ ತಂತಿ ಕತ್ತರಿಸಿ, ಅಡ್ಡ ಒಂದು ಕಲ್ಲು ನಿಲ್ಲಿಸಿ, ಮನುಷ್ಯರು ಓರೆಯಾಗಿ ನುಸುಳುವಷ್ಟು ಸಂದು ಮಾಡಿದ.

ಹಿಂದಿನ ಮನೆಯವಳು ಆ ಸಂದಿನಲ್ಲಿ ಬರಲಿಲ್ಲ. ಆವತ್ತೂ ಇಲ್ಲ, ಮಾರನೆಯ ದಿನವೂ ಇಲ್ಲ. ಹುಡುಗಿ ಬಿಡದಿಗೆ ಹೊರಟ ಮೇಲೆ ನಾನೇ ಆ ಸಂದಿನಲ್ಲಿ ನುಸುಳಿಕೊಂಡು ಹೋದೆ. ಅವಳು ರೊಪ್ಪ ಗುಡಿಸುತ್ತಿದ್ದಳು. ಪೊರಕೆ ಹಿಡಿದುಕೊಂಡೇ ನಿಂತಳು.

"ಕುರಿ ಈದ್ವಾ?" ಅಂದೆ.

"ಒಂದು ಈದೈತೆ."

ದಾರಿಯ ಮಾತು ಬಾಯಿಗೆ ಬರಲಿಲ್ಲ. ಬಿಟ್ಟಿದ್ದೇವೆ, ಓಡಾಡು ಅಂದರೆ ಏನೋ ಕೊಟ್ಟಂತೆ ಕೇಳಿಸುತ್ತದೆ. ನಮ್ಮದಾಗಿದ್ದರೆ ತಾನೇ ಕೊಡುವುದು? ಮರಿಯನ್ನು ಸ್ವಲ್ಪ ಹೊತ್ತು ನೋಡಿ, ಬಂದ ದಾರಿಯಲ್ಲೇ ವಾಪಸು ಬಂದೆ. ನಾನು ಎಲ್ಲಿಂದ ಬಂದೆ ಎಂದು ಅವಳು ನೋಡಿದಳು. ಆದರೂ ಸಂಜೆ ಹಾಲು ಹಾಕಲು ಕೆರೆ ಏರಿಯ ಮೇಲೇ ಹೋದಳು.